ರಾತ್ರಿ ಹನ್ನೊಂದೂವರೆ, ಮಗು ಮಲಗಿದೆ, ಮಿಕ್ಸಿ ಹಾಕುವ ಹಾಗಿಲ್ಲ: ಏನು ಮಾಡಿ ಬಡಿಸುತ್ತೀರಿ?

ಮಂಡಕ್ಕಿ ಮನೆ · ರಾತ್ರಿ 12:10

ಎಲ್ಲರಿಗೂ ನಮಸ್ಕಾರ. ನಮ್ಮದು ಬೆಂಗಳೂರಿನಲ್ಲಿ ಒಂದೇ ರೂಮಿನ ಬಾಡಿಗೆ ಮನೆ. ಅಡುಗೆಮನೆಗೆ ಬಾಗಿಲಿಲ್ಲ, ಒಂದು ಪರದೆ ಅಷ್ಟೇ. ನಮ್ಮ ಮನೆಯವರದು ಕಾರ್ಖಾನೆಯಲ್ಲಿ ಎರಡನೇ ಪಾಳಿ. ಸಂಜೆ ಏಳೂವರೆಗೆ ಕ್ಯಾಂಟೀನಿನಲ್ಲಿ ಊಟ ಮುಗಿದಿರುತ್ತದೆ. ಮನೆ ಸೇರುವಾಗ ಹನ್ನೊಂದೂವರೆ. ಅಷ್ಟರಲ್ಲಿ ಮತ್ತೆ ಹಸಿವು. ಪೂರ್ತಿ ಊಟ ಬೇಡ, ಬರೀ ಹಾಲು ಸಾಲದು, ಅಂಥ ಹಸಿವು.

ಮಗಳಿಗೆ ಎರಡು ವರ್ಷ. ಒಂಬತ್ತಕ್ಕೆ ಮಲಗುತ್ತಾಳೆ. ಮಿಕ್ಸಿ ತಿರುಗಿದರೆ ಎದ್ದು ಕೂರುತ್ತಾಳೆ. ಕುಕ್ಕರ್ ಸೀಟಿಗೂ ಅಷ್ಟೇ. ಒಮ್ಮೆ ಎದ್ದಳೆಂದರೆ ಎರಡು ಗಂಟೆವರೆಗೆ ಮೂವರಿಗೂ ನಿದ್ದೆ ಇಲ್ಲ.

ಆರು ತಿಂಗಳು ಪ್ಯಾಕೆಟ್ ನೂಡಲ್ಸ್, ಬ್ರೆಡ್ಡು, ಬಿಸ್ಕತ್ತಿನಲ್ಲೇ ಕಳೆದೆವು. ಅವರಿಗೆ ಎದೆಯುರಿ ಶುರುವಾಯಿತು. ಕಳೆದ ವಾರ ಊರಿಂದ ಅಮ್ಮ ಒಂದು ದೊಡ್ಡ ಚೀಲ ಮಂಡಕ್ಕಿ ಕಳಿಸಿದರು. ನಮ್ಮೂರು ದಾವಣಗೆರೆ. ಮಂಡಕ್ಕಿ ಭಟ್ಟಿಗಳ ಊರು. ಚೀಲ ಬಿಚ್ಚಿದ ಕೂಡಲೇ ನೆನಪಾಯಿತು, ಚಿಕ್ಕವರಿದ್ದಾಗ ರಾತ್ರಿ ಓದುತ್ತ ಕೂತರೆ ಅಮ್ಮ ಮಾಡುತ್ತಿದ್ದದ್ದು ಮಂಡಕ್ಕಿ ಒಗ್ಗರಣೆಯನ್ನೇ. ಹತ್ತೇ ನಿಮಿಷ. ಸದ್ದೇ ಇಲ್ಲ.

ನಾನು ಮಾಡುವುದು ಹೀಗೆ. ಇಬ್ಬರಿಗೆ ಆರು ಬಟ್ಟಲು ಮಂಡಕ್ಕಿ. ಜಾಸ್ತಿ ಅನ್ನಿಸುತ್ತದೆ, ಆದರೆ ನೆನೆದ ಮೇಲೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಬಾಣಲೆಯಲ್ಲಿ ಎರಡು ಚಮಚ ಎಣ್ಣೆ, ಸಾಸಿವೆ, ಕರಿಬೇವು, ಸೀಳಿದ ಹಸಿಮೆಣಸಿನಕಾಯಿ, ಉದ್ದಕ್ಕೆ ಹೆಚ್ಚಿದ ಒಂದು ಈರುಳ್ಳಿ. ಈರುಳ್ಳಿ ಮೆತ್ತಗಾದ ಮೇಲೆ ಅರಿಶಿನ, ಒಂದು ಟೊಮ್ಯಾಟೊ. ಇಷ್ಟಾದ ಮೇಲೆಯೇ ಮಂಡಕ್ಕಿಯನ್ನು ನೀರಿಗೆ ಹಾಕಬೇಕು. ಅಂಗೈಯಲ್ಲಿ ಒತ್ತಿ ಮುಳುಗಿಸಿ, ಹತ್ತು ಎಣಿಸಿ, ಹಿಡಿ ಹಿಡಿಯಾಗಿ ತೆಗೆದು ಎರಡೂ ಕೈಯಲ್ಲಿ ಹಿಂಡಬೇಕು. ತಡವಾದರೆ ಮುದ್ದೆಯಾಗುತ್ತದೆ. ಹಿಂಡಿದ್ದನ್ನು ಉದುರಿಸಿ ಬಾಣಲೆಗೆ ಹಾಕಿ ಎರಡು ನಿಮಿಷ ಆಡಿಸಿದರೆ ಸಾಕು. ಒಲೆ ಆರಿಸಿ, ಎರಡು ಚಮಚ ಹುರಿಗಡಲೆ ಪುಡಿ ಉದುರಿಸಬೇಕು. ಉಳಿದ ನೀರನ್ನೆಲ್ಲ ಆ ಪುಡಿ ಹೀರಿಕೊಂಡು ಒಂದೊಂದು ಕಾಳಿಗೂ ಅಂಟಿಕೊಳ್ಳುತ್ತದೆ. ಈ ಪುಡಿಯನ್ನು ಹಗಲಲ್ಲೇ ಮಾಡಿ ಡಬ್ಬಿಗೆ ತುಂಬಿಟ್ಟಿರುತ್ತೇನೆ. ಉಪ್ಪು ಮಾತ್ರ ನೋಡಿ ಹಾಕಬೇಕು. ಭಟ್ಟಿಯಲ್ಲಿ ಅಕ್ಕಿಗೆ ಮೊದಲೇ ಉಪ್ಪು ಹಿಡಿಸಿ, ಆಮೇಲೆ ಕಾದ ಮರಳಿನಲ್ಲಿ ಅರಳಿಸುತ್ತಾರೆ. ಅದರ ಉಪ್ಪು ಅದರಲ್ಲೇ ಇರುತ್ತದೆ.

ಅವತ್ತು ಇವರು ತಟ್ಟೆ ಖಾಲಿ ಮಾಡಿ ಇನ್ನೂ ಇದೆಯಾ ಎಂದು ಕೇಳಿದರು. ಎಷ್ಟು ಖುಷಿಯಾಯಿತು ಅಂದರೆ ಹೇಳಲಾರೆ. ಆದರೆ ದಿನಾ ಅದೇ ಆಗುವುದಿಲ್ಲ ಅಲ್ವಾ? ನಿಮ್ಮ ಮನೆಯಲ್ಲಿ ಇಂಥ ಹೊತ್ತಿಗೆ ಏನು ಮಾಡುತ್ತೀರಿ? ಅಂಗಡಿಗೆ ಹೋಗುವ ಹಾಗಿಲ್ಲ. ಮನೆಯಲ್ಲಿ ಇರುವುದರಲ್ಲೇ ಆಗಬೇಕು, ಸದ್ದಾಗಬಾರದು.

ಹುಬ್ಬಳ್ಳಿ ಮಂದಿ · ರಾತ್ರಿ 12:31

ಅಕ್ಕ, ನೀವು ಹೇಳಿದ್ದಕ್ಕೆ ನಮ್ಮ ಕಡೆ ಸೂಸ್ಲಾ ಎನ್ನುತ್ತಾರೆ. ಮಂಡಕ್ಕಿ ನಮಗೆ ಚುರುಮುರಿ, ಹುರಿಗಡಲೆ ನಮಗೆ ಪುಟಾಣಿ. ಹೆಸರು ಬೇರೆ, ಕೈ ಒಂದೇ.

ನಿಮಗೆ ಗಿರ್ಮಿಟ್ ಇನ್ನೂ ಚೆನ್ನಾಗಿ ಹೊಂದುತ್ತದೆ. ಅದರಲ್ಲಿ ಚುರುಮುರಿ ನೆನೆಸುವುದಿಲ್ಲ. ಗೊಜ್ಜು ಒಂದನ್ನು ಮಾಡಿಟ್ಟುಕೊಂಡರೆ ರಾತ್ರಿ ಒಲೆ ಹಚ್ಚುವ ಕೆಲಸವೇ ಇಲ್ಲ. ನಾಲ್ಕು ಈರುಳ್ಳಿ ಸಣ್ಣಗೆ ಹೆಚ್ಚಿ. ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಹಸಿಮೆಣಸಿನಕಾಯಿ ಹಾಕಿ, ಆ ಈರುಳ್ಳಿ ಹಾಕಿ ಬಾಡಿಸಿ. ಎರಡು ಟೊಮ್ಯಾಟೊ, ಅರಿಶಿನ, ಸಣ್ಣ ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಅಡಿಕೆಯಷ್ಟು ಬೆಲ್ಲ, ಉಪ್ಪು. ಅಂಚಿನಲ್ಲಿ ಎಣ್ಣೆ ಬಿಡುವವರೆಗೆ ಸಣ್ಣ ಉರಿ. ಆರಿಸಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನಕ್ಕೆ ಮೋಸವಿಲ್ಲ.

ರಾತ್ರಿ ದೊಡ್ಡ ಬೋಗುಣಿಯಲ್ಲಿ ಚುರುಮುರಿ, ಒಬ್ಬರಿಗೆ ಎರಡು ಚಮಚ ಗೊಜ್ಜು, ಪುಟಾಣಿ ಹಿಟ್ಟು. ಕೈಯಲ್ಲೇ ಕಲಸಿ. ಮೇಲೆ ಹಸಿ ಈರುಳ್ಳಿ, ಕೊತ್ತಂಬರಿ, ಇದ್ದರೆ ಸೇವು. ಕಲಸಿದ ತಕ್ಷಣ ತಿನ್ನಬೇಕು. ಅವರು ಚಪ್ಪಲಿ ಬಿಟ್ಟು ಕೈಕಾಲು ತೊಳೆದು ಬಂದು ಕೂತ ಮೇಲೆ ಕಲಸಿ, ಮೊದಲೇ ಬೇಡ. ಜೊತೆಗೆ ಮಿರ್ಚಿ ಇದ್ದರೆ ಸ್ವರ್ಗ. ಆದರೆ ಎದೆಯುರಿ ಇದ್ದವರಿಗೆ ರಾತ್ರಿ ಹೊತ್ತು ಕರಿದದ್ದು ಬೇಡ.

ಮೈಸೂರು ಅಜ್ಜಿ · ಬೆಳಿಗ್ಗೆ 5:40

ಮಗಳೇ, ನಾನು ಬೆಳಿಗ್ಗೆ ಬೇಗ ಏಳುವವಳು, ಈಗ ಓದಿದೆ. ನಮ್ಮ ಮನೆಯಲ್ಲಿ ರಾತ್ರಿ ಯಾರು ಬಂದರೂ ಚಿತ್ರಾನ್ನವೇ. ಮಧ್ಯಾಹ್ನದ ಅನ್ನ ಎರಡು ಹಿಡಿ ಯಾವಾಗಲೂ ಉಳಿದಿರುತ್ತದೆ. ಕಡಲೆಬೇಳೆ, ಉದ್ದಿನಬೇಳೆ, ಕಡಲೆಕಾಯಿ ಬೀಜವನ್ನು ಎಣ್ಣೆಯಲ್ಲಿ ಕೆಂಪಗೆ ಹುರಿದುಕೋ. ಅರಿಶಿನವನ್ನು ಎಣ್ಣೆಗೇ ಹಾಕು. ಅನ್ನದ ಮೇಲೆ ಉದುರಿಸಿದರೆ ಬಣ್ಣವೂ ಬರುವುದಿಲ್ಲ, ಹಸಿ ವಾಸನೆಯೂ ಹೋಗುವುದಿಲ್ಲ. ನಿಂಬೆರಸವನ್ನು ಒಲೆ ಆರಿಸಿದ ಮೇಲೆಯೇ ಹಿಂಡು. ಉರಿಯ ಮೇಲೆ ಹಿಂಡಿದರೆ ಕಹಿಯಾಗುತ್ತದೆ. ನಮ್ಮ ಅತ್ತೆ ಈ ಒಂದು ಮಾತಿಗೆ ನನ್ನನ್ನು ಎಷ್ಟು ಸಲ ಎಚ್ಚರಿಸಿದ್ದಾರೋ ಲೆಕ್ಕವಿಲ್ಲ.

ಸದ್ದಿನ ವಿಷಯ ಹೇಳುತ್ತೇನೆ ಕೇಳು. ಒಗ್ಗರಣೆಯಲ್ಲಿ ಸದ್ದು ಮಾಡುವುದು ಸಾಸಿವೆಗಿಂತ ಒದ್ದೆ ಕರಿಬೇವು. ಸಂಜೆಯೇ ತೊಳೆದು ಬಟ್ಟೆಯ ಮೇಲೆ ಹರಡಿಡು. ಹಾಕುವಾಗ ಒಂದು ತಟ್ಟೆ ಮುಚ್ಚು. ಸಿಡಿಯುವುದಿಲ್ಲ, ಮಗು ಏಳುವುದಿಲ್ಲ.

ಆಸ್ಪತ್ರೆ ಅಡುಗೆಮನೆ · ಬೆಳಿಗ್ಗೆ 8:15

ಅಜ್ಜಿ, ನಿಮ್ಮ ಚಿತ್ರಾನ್ನದ ಮಾತು ನೂರಕ್ಕೆ ನೂರು ಸರಿ. ಅರಿಶಿನದ ಬಣ್ಣ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಆದರೆ ಉಳಿದ ಅನ್ನದ ವಿಷಯದಲ್ಲಿ ಒಂದು ಮಾತು ಸೇರಿಸಲೇಬೇಕು. ನನ್ನ ಕೆಲಸ ಆಹಾರ ಪಥ್ಯ ನೋಡಿಕೊಳ್ಳುವುದು. ಇದಕ್ಕೆ ಸಂಬಂಧಿಸಿದ ವಾಂತಿ, ಭೇದಿ ಕಣ್ಣಾರೆ ನೋಡಿದ್ದೇನೆ.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಕ್ರಿಮಿಯ ಬೀಜಾಣು ಇರಬಹುದು. ಅನ್ನ ಕುದಿದರೂ ಅದು ಸಾಯುವುದಿಲ್ಲ. ಬೆಂದ ಅನ್ನ ಹೊರಗೆ ಉಗುರುಬೆಚ್ಚಗೆ ಕೂತರೆ ಅದು ಮೊಳೆತು ಬೆಳೆಯುತ್ತದೆ, ವಿಷ ಬಿಡುತ್ತದೆ. ವಾಂತಿ ತರಿಸುವ ಆ ವಿಷ ಬಿಸಿಗೆ ಹೋಗುವುದಿಲ್ಲ. ರಾತ್ರಿ ಎಷ್ಟೇ ಚೆನ್ನಾಗಿ ಒಗ್ಗರಣೆಯಲ್ಲಿ ಹುರಿದರೂ ಅದು ಅಲ್ಲೇ ಇರುತ್ತದೆ. ಹಳಸಿದ ವಾಸನೆ ಬರಲೇಬೇಕು ಅಂತಲೂ ಇಲ್ಲ. ಹಾಗಾಗಿ ಮಧ್ಯಾಹ್ನ ಒಂದಕ್ಕೆ ಮಾಡಿದ ಅನ್ನ ರಾತ್ರಿ ಹನ್ನೊಂದರವರೆಗೆ ಪಾತ್ರೆಯಲ್ಲಿ ಮುಚ್ಚಿಟ್ಟು ಕೂತಿದ್ದರೆ ದಯವಿಟ್ಟು ಬಳಸಬೇಡಿ. ಬೇಸಿಗೆಯಲ್ಲಂತೂ ಖಂಡಿತ ಬೇಡ.

ಮಾಡಬೇಕಾದ್ದು ಸುಲಭ. ಊಟ ಮುಗಿದ ತಕ್ಷಣ ಉಳಿದ ಅನ್ನವನ್ನು ಅಗಲವಾದ ತಟ್ಟೆಗೆ ಹರಡಿ. ಬೇಗ ಆರುತ್ತದೆ. ಎರಡು ಗಂಟೆಯೊಳಗೆ, ಆದಷ್ಟು ಬೇಗ, ಮುಚ್ಚಳದ ಡಬ್ಬಿಗೆ ಹಾಕಿ ಫ್ರಿಜ್ಜಿಗೆ ಸೇರಿಸಿ. ರಾತ್ರಿ ತೆಗೆದು ಹೊಗೆಯಾಡುವಷ್ಟು ಬಿಸಿ ಮಾಡಿ, ಒಂದೇ ಸಲ. ತಣ್ಣಗಿನ ಅನ್ನ ಉದುರುದುರಾಗಿಯೂ ಇರುತ್ತದೆ. ಚಿತ್ರಾನ್ನಕ್ಕೆ ಅದೇ ಚೆಂದ.

ಮೈಸೂರು ಅಜ್ಜಿ · ಬೆಳಿಗ್ಗೆ 8:50

ಇದು ನನಗೆ ಗೊತ್ತಿರಲಿಲ್ಲ ತಾಯಿ. ಇವತ್ತಿಂದಲೇ ತಟ್ಟೆಗೆ ಹರಡುತ್ತೇನೆ. ಒಂದು ಪ್ರಶ್ನೆ. ನಮ್ಮ ಹಿರಿಯರು ರಾತ್ರಿ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ತಂಗಳನ್ನ ತಿಂದು ಗದ್ದೆಗೆ ಹೋಗುತ್ತಿದ್ದರಲ್ಲ, ಅದು?

ಆಸ್ಪತ್ರೆ ಅಡುಗೆಮನೆ · ಬೆಳಿಗ್ಗೆ 9:05

ಅದು ಬೇರೆ ದಾರಿ ಅಜ್ಜಿ. ನೀರಿನಲ್ಲಿ ಮುಳುಗಿದ ಅನ್ನ ರಾತ್ರಿಯಿಡೀ ಹುಳಿ ಬರುತ್ತದೆ. ಮೊಸರು ಹೆಪ್ಪಾಗುವಾಗ ಆಗುವಂಥದ್ದೇ ಕೆಲಸ. ಹುಳಿ ಏರಿದ ಕಡೆ ಈ ಕ್ರಿಮಿಗೆ ಅಷ್ಟು ಸುಲಭವಾಗಿ ಬೆಳೆಯಲು ಆಗುವುದಿಲ್ಲ. ಅನ್ನ ಆರಿದ ಕೂಡಲೇ ಶುದ್ಧ ನೀರು ಹಾಕಬೇಕು. ಒಂದು ಚಮಚ ಮಜ್ಜಿಗೆ ಬಿಟ್ಟರೆ ಹುಳಿ ಬೇಗ ಬರುತ್ತದೆ. ಆದರೆ ಇಡೀ ದಿನ ಮರೆತುಬಿಟ್ಟ ಅನ್ನಕ್ಕೆ ರಾತ್ರಿ ನೀರು ಹಾಕಿದರೆ ಅದು ತಂಗಳನ್ನ ಆಗುವುದಿಲ್ಲ.

ಎರೆಹೊಲ · ರಾತ್ರಿ 2:20

ನಾನು ಗದಗ ಜಿಲ್ಲೆಯ ರೈತ. ಈಗ ಹೊಲದಿಂದಲೇ ಬರೆಯುತ್ತಿದ್ದೇನೆ. ಪಂಪಿಗೆ ತ್ರೀ ಫೇಸ್ ಕರೆಂಟು ಈ ವಾರ ರಾತ್ರಿ ಪಾಳಿಯಲ್ಲಿ. ಮೋಟರು ಚಾಲೂ ಮಾಡಿ, ನೀರು ಒಂದು ಮಡಿಯಿಂದ ಇನ್ನೊಂದಕ್ಕೆ ತಿರುಗಿಸುತ್ತ ಕೂರಬೇಕು. ಈ ಹೊತ್ತಿನ ಹಸಿವು ಹೇಗಿರುತ್ತದೆ ಅಂತ ನನಗೆ ಗೊತ್ತು. ಅದಕ್ಕೇ ಬರೆಯಬೇಕೆನ್ನಿಸಿತು.

ನನ್ನ ಬುತ್ತಿಯಲ್ಲಿ ಇರುವುದು ಕಟಕ ರೊಟ್ಟಿ. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಒಣಗಿಸಿಟ್ಟರೆ ಹಪ್ಪಳದ ಹಾಗೆ ಕಟಕಟ ಮುರಿಯುತ್ತದೆ. ಹತ್ತು ಹದಿನೈದು ದಿನ ಏನೂ ಆಗುವುದಿಲ್ಲ. ಇದಕ್ಕೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಒಂದು ಉಳ್ಳಾಗಡ್ಡಿ. ಉಳ್ಳಾಗಡ್ಡಿಯನ್ನು ನಾವು ಹೆಚ್ಚುವುದಿಲ್ಲ, ಬದುವಿನ ಕಲ್ಲಿನ ಮೇಲಿಟ್ಟು ಮುಷ್ಟಿಯಿಂದ ಗುದ್ದುತ್ತೇವೆ. ಹಾಗೆ ಒಡೆದದ್ದಕ್ಕೆ ಬರುವ ರುಚಿ ಚಾಕುವಿನಿಂದ ಹೆಚ್ಚಿದ್ದಕ್ಕೆ ಬರುವುದಿಲ್ಲ.

ತಂಗಿ, ನಿಮ್ಮ ಮನೆಯಲ್ಲಿ ಕಟಕ ರೊಟ್ಟಿ ಇದ್ದರೆ ಹೀಗೆ ಮಾಡಿ. ಎರಡು ರೊಟ್ಟಿ ಸಣ್ಣ ಚೂರಾಗಿ ಮುರಿಯಿರಿ. ಮೇಲೆ ನೀರು ಚಿಮುಕಿಸಿ ಐದು ನಿಮಿಷ ಬಿಡಿ. ಸಾಸಿವೆ, ಬೆಳ್ಳುಳ್ಳಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಒಗ್ಗರಣೆಗೆ ಆ ಚೂರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಎರಡು ನಿಮಿಷ. ಮೇಲೆ ಶೇಂಗಾ ಪುಡಿ. ಮನೆಯಲ್ಲಿ ನನ್ನ ಮಕ್ಕಳು ಇದಕ್ಕೆ ಉಪ್ಪಿಟ್ಟಿಗಿಂತ ಜಾಸ್ತಿ ಆಸೆ ಪಡುತ್ತಾರೆ. ಒಲೆ ಹಚ್ಚಲು ಬೇಜಾರಾದರೆ ಚೂರುಗಳನ್ನು ಸುಮ್ನೆ ಮೊಸರಿನಲ್ಲಿ ನೆನೆಸಿ.

ಇನ್ನು ಮುಟಗಿ ಅಂತ ಒಂದಿದೆ. ಅದಕ್ಕೆ ಬಿಸಿ ರೊಟ್ಟಿಯೇ ಆಗಬೇಕು. ಸ್ವಲ್ಪ ದಪ್ಪ ರೊಟ್ಟಿಯನ್ನು ಹಂಚಿನಿಂದ ತೆಗೆದ ಕೂಡಲೇ ಬೆಳ್ಳುಳ್ಳಿ, ಮೆಣಸಿನಕಾಯಿ, ಜೀರಿಗೆ, ಉಪ್ಪಿನ ಜೊತೆ ಕುಟ್ಟಿ, ಎಣ್ಣೆ ಬಿಟ್ಟು ಮುಷ್ಟಿಯಲ್ಲಿ ಒತ್ತುವುದು. ಬೆರಳಿನ ಅಚ್ಚು ಅದರ ಮೇಲೆ ಮೂಡಿರುತ್ತದೆ. ಚಳಿಗಾಲದ ರಾತ್ರಿ ನನ್ನ ತಾಯಿ ಅದನ್ನು ಕೈಗೇ ಇಡುತ್ತಿದ್ದರು, ತಟ್ಟೆಗೆ ಅಲ್ಲ. ಆದರೆ ಕುಟ್ಟುವ ಸದ್ದು ಇದೆ. ಮಗು ದೊಡ್ಡದಾದ ಮೇಲೆ ಮಾಡಿ.

ಮಡಿ ತುಂಬಿತು, ಹೋಗುತ್ತೇನೆ.

ಎರಡನೇ ಪಾಳಿ · ಬೆಳಿಗ್ಗೆ 10:30

ಎಲ್ಲರ ಅಡುಗೆಯನ್ನೂ ಇಷ್ಟಪಟ್ಟು ಓದಿದೆ. ನಾನೂ ಪಾಳಿ ಕೆಲಸದವನೇ, ಹನ್ನೆರಡು ವರ್ಷದಿಂದ. ಸ್ವಲ್ಪ ನೇರವಾಗಿ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ ಅಕ್ಕ. ಮಗುವನ್ನು ದಿನವಿಡೀ ನೋಡಿಕೊಂಡು ನೀವು ಹನ್ನೆರಡರವರೆಗೆ ಎದ್ದಿರುವುದು ಯಾಕೆ? ಅವರೇ ಮಾಡಿಕೊಳ್ಳಬಹುದಲ್ಲ?

ನನ್ನ ಹೆಂಡತಿ ಶಾಲೆಗೆ ಹೋಗುವವಳು. ಬೆಳಿಗ್ಗೆ ಐದಕ್ಕೆ ಏಳಬೇಕು. ಮದುವೆಯಾದ ಹೊಸದರಲ್ಲಿ ಅವಳೂ ಕಾಯುತ್ತಿದ್ದಳು. ಒಂದು ರಾತ್ರಿ ಬಂದು ನೋಡಿದರೆ ಅಡುಗೆಮನೆ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಮಾಡಿದ್ದಳು. ಕೈಯಲ್ಲಿ ಸಿಪ್ಪೆ ತೆಗೆದ ಅರ್ಧ ಈರುಳ್ಳಿ. ಅವತ್ತಿನಿಂದ ನಾನೇ ಮಾಡಿಕೊಳ್ಳುತ್ತೇನೆ. ಮಾಡುವುದು ದೊಡ್ಡದೇನಲ್ಲ. ಗೋಧಿ ಹಿಟ್ಟು ಒಂದು ಬಟ್ಟಲು, ಅಕ್ಕಿ ಹಿಟ್ಟು ಕಾಲು ಬಟ್ಟಲು, ಉಪ್ಪು, ಜೀರಿಗೆ, ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ. ಮಜ್ಜಿಗೆ ಹದಕ್ಕೆ ನೀರು. ಕಾದ ಹಂಚಿಗೆ ಅಂಚಿನಿಂದ ನಡುವಿಗೆ ಸುರಿಯಬೇಕು, ಸೌಟಿನಲ್ಲಿ ಹರಡಬಾರದು. ತೂತು ತೂತಾಗಿ ಬರುತ್ತದೆ. ಮೂರು ದೋಸೆ, ಉಪ್ಪಿನಕಾಯಿ, ಮುಗಿಯಿತು. ರುಬ್ಬುವುದಿಲ್ಲ, ನೆನೆಸುವುದಿಲ್ಲ. ತಿಂದ ಮೇಲೆ ಪಾತ್ರೆ ಬೆಳಗಿಟ್ಟೇ ಮಲಗುತ್ತೇನೆ.

ಮಂಡಕ್ಕಿ ಮನೆ · ಮಧ್ಯಾಹ್ನ 2:45

ಅಣ್ಣ, ಬೇಸರ ಏನೂ ಇಲ್ಲ. ನೀವು ಕೇಳಿದ್ದು ಸರಿಯಾಗಿಯೇ ಇದೆ. ಆ ಈರುಳ್ಳಿ ಹಿಡಿದು ಮಲಗಿದ್ದು ಓದಿ ಕಣ್ಣು ತುಂಬಿ ಬಂತು.

ಇವರೂ ಹಾಗೇ ಹೇಳುತ್ತಾರೆ, ಮಲಗು ಅಂತ. ಭಾನುವಾರ ಇಡೀ ಅಡುಗೆ ಅವರದೇ. ಆದರೆ ಬೆಳಿಗ್ಗೆ ಅವರು ಏಳುವಾಗ ಒಂಬತ್ತಾಗುತ್ತದೆ, ಅಷ್ಟರಲ್ಲಿ ಮಗಳ ಗಲಾಟೆ ಶುರು. ಮಧ್ಯಾಹ್ನ ಒಂದೂವರೆಗೆ ಹೊರಟುಬಿಡುತ್ತಾರೆ. ನಾವಿಬ್ಬರೇ ಕೂತು ಮಾತಾಡಲು ಸಿಗುವುದು ರಾತ್ರಿಯ ಈ ಅರ್ಧ ಗಂಟೆ ಮಾತ್ರ. ಅಡುಗೆಮನೆಯ ನೆಲದ ಮೇಲೆ ಕೂರುತ್ತೇವೆ. ಪಿಸುಮಾತಿನಲ್ಲಿ ಆ ದಿನದ ಕಥೆ. ಮಗಳು ಯಾವ ಹೊಸ ಮಾತು ಕಲಿತಳು, ಬಾಡಿಗೆ ಕೊಟ್ಟಾಯಿತಾ, ಅವರ ಸಾಲಿನ ಯಾವ ಯಂತ್ರ ಕೆಟ್ಟಿತು. ತಟ್ಟೆ ಒಂದೇ, ಇಬ್ಬರೂ ಅದರಲ್ಲೇ. ಅದಕ್ಕಾಗಿ ನಾನು ಮಧ್ಯಾಹ್ನ ಮಗಳ ಜೊತೆ ಒಂದು ಗಂಟೆ ಮಲಗಿಬಿಡುತ್ತೇನೆ.

ನಿಮ್ಮ ಗೋಧಿ ದೋಸೆಯನ್ನು ಅವರಿಗೆ ಓದಿ ಹೇಳಿದೆ. ಶನಿವಾರ ನಾನೇ ಹೊಯ್ಯುತ್ತೇನೆ ಎಂದಿದ್ದಾರೆ.

ಎರಡನೇ ಪಾಳಿ · ಮಧ್ಯಾಹ್ನ 3:10

ಅರ್ಥವಾಯಿತು ಅಕ್ಕ. ಹಾಗಿದ್ದರೆ ಕಾಯಿರಿ. ಹಂಚು ಚೆನ್ನಾಗಿ ಕಾದಿರಲಿ ಎಂದು ಹೇಳಿ ಅವರಿಗೆ. ಮೊದಲನೇ ದೋಸೆ ಅಂಟಿದರೆ ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಹಂಚು ಉಜ್ಜಲಿ.

ಕುಂದಾಪುರ ಕಡಲು · ಸಂಜೆ 6:20

ನಮ್ಮ ಕಡೆಯ ಕಲಸಿದ ಅವಲಕ್ಕಿ ಯಾರೂ ಹೇಳಲೇ ಇಲ್ಲ! ಒಲೆ ಬೇಡ, ನೀರು ಬೇಡ, ಸದ್ದಂತೂ ಮೊದಲೇ ಇಲ್ಲ.

ತೆಳು ಅವಲಕ್ಕಿ ಬೇಕು, ಪೇಪರ್ ಅವಲಕ್ಕಿ ಅಂತಾರಲ್ಲ ಅದು. ಅರ್ಧ ಹೋಳು ತೆಂಗಿನಕಾಯಿ ತುರಿಯಿರಿ, ತುರಿ ಹಸಿಯಾಗಿರಬೇಕು. ತುರಿಗೆ ಹಸಿಮೆಣಸಿನಕಾಯಿ ಚೂರು ಅಥವಾ ಮೆಣಸಿನ ಪುಡಿ, ಕೊತ್ತಂಬರಿ ಜೀರಿಗೆ ಹುರಿದು ಮಾಡಿದ ಪುಡಿ, ಬೆಲ್ಲ, ಉಪ್ಪು ಹಾಕಿ ಕೈಯಲ್ಲಿ ಕಿವುಚಿ. ಸುಮ್ನೆ ಕಲಸಿದರೆ ಸಾಲದು, ಬೆರಳಿನ ಸಂದಿಯಿಂದ ಹಾಲು ಇಳಿಯುವ ಹಾಗೆ ಕಿವುಚಬೇಕು. ಆ ಹಾಲಿಗೆ ಬೆಲ್ಲ ಕರಗಿ ಒದ್ದೆಯಾಗುತ್ತದೆ. ಆಗ ಅವಲಕ್ಕಿ ಹಾಕಿ ಹಗುರವಾಗಿ ತಿರುವಿ. ಅವಲಕ್ಕಿಗೆ ಬೇಕಾದ ಪಸೆ ಕಾಯಿಯಿಂದಲೇ ಸಿಗುತ್ತದೆ. ಹತ್ತು ನಿಮಿಷ ಮುಚ್ಚಿಟ್ಟರೆ ಮೆತ್ತಗೆ, ಖಾರ, ಸಿಹಿ, ಎಲ್ಲ ಒಟ್ಟಿಗೆ. ಮೇಲೆ ಒಂದು ಚಮಚ ತೆಂಗಿನೆಣ್ಣೆಯಲ್ಲಿ ಸಾಸಿವೆ ಒಗ್ಗರಣೆ ಕೊಟ್ಟರೆ ಒಳ್ಳೆಯದು, ಕೊಡದಿದ್ದರೂ ನಡೆಯುತ್ತದೆ.

ಮಳೆಗಾಲದ ರಾತ್ರಿಯಾದರೆ ಹಲಸಿನ ಹಪ್ಪಳ. ಕರಿಯುವುದಲ್ಲ, ಸುಡುವುದು. ಗ್ಯಾಸಿನ ಸಣ್ಣ ಉರಿಯ ಮೇಲೆ ಚಿಮಟದಲ್ಲಿ ಹಿಡಿದು ತಿರುಗಿಸುತ್ತ ಸುಟ್ಟು, ಒಂದು ಚೂರು ತೆಂಗಿನಕಾಯಿ ಜೊತೆ ಕಚ್ಚಿ ತಿನ್ನಬೇಕು. ಹೊರಗೆ ಮಳೆ ಹೊಯ್ಯುತ್ತಿದ್ದರೆ ನಾನಂತೂ ನಾಲ್ಕಕ್ಕೆ ಕಡಿಮೆ ಏಳುವುದಿಲ್ಲ.

ಎದೆಯುರಿ ಇದ್ದ ದಿನ ಗಂಜಿಯೇ ಮದ್ದು. ಕುಚ್ಚಲಕ್ಕಿ ಬೇಯಲು ಹೊತ್ತು ಬೇಕು, ನಿಜ. ರಾತ್ರಿ ಅಡುಗೆಯ ಹೊತ್ತಿಗೇ ಸ್ವಲ್ಪ ಜಾಸ್ತಿ ಬೇಯಿಸಿ, ಬಿಸಿ ಇರುವಾಗಲೇ ಥರ್ಮಾಸಿಗೆ ಹಾಕಿಡಿ. ಬಂದ ಮೇಲೆ ಬಟ್ಟಲಿಗೆ ಬಗ್ಗಿಸಿ, ಒಂದು ಚಮಚ ತುಪ್ಪ, ಮಾವಿನ ಮಿಡಿ ಉಪ್ಪಿನಕಾಯಿ.

ಹೊಸ ಸಂಸಾರ · ಸಂಜೆ 7:05

ಎಲ್ಲರೂ ಅವಲಕ್ಕಿ ಸುಲಭ ಅನ್ನುತ್ತೀರಿ. ನಾನು ಮಾಡಿದರೆ ಪ್ರತಿ ಸಲ ಗಂಜಿಯ ಹಾಗೆ ಆಗುತ್ತದೆ. ತಪ್ಪು ಎಲ್ಲಿ?

ಕುಂದಾಪುರ ಕಡಲು · ಸಂಜೆ 7:30

ಯಾವ ಅವಲಕ್ಕಿ ತಂದಿದ್ದೀರಿ ನೋಡಿ ತಂಗಿ. ತಪ್ಪು ನಿಮ್ಮ ಕೈಯದ್ದಲ್ಲ, ಪ್ಯಾಕೆಟಿನದ್ದು ಇರಬಹುದು. ಪೇಪರ್ ಅವಲಕ್ಕಿಯನ್ನು ನೀರಿಗೆ ಹಾಕಿದರೆ ಕರಗಿಯೇ ಹೋಗುತ್ತದೆ. ಒಗ್ಗರಣೆ ಅವಲಕ್ಕಿಗೆ ಮಧ್ಯಮ ಅಥವಾ ಗಟ್ಟಿ ಅವಲಕ್ಕಿ ಬೇಕು. ಮಧ್ಯಮದ್ದನ್ನು ಜಾಲರಿಗೆ ಹಾಕಿ, ನಲ್ಲಿ ಕೆಳಗೆ ಎರಡು ಸಲ ತೊಳೆದು, ನೀರು ಸೋರಲು ಬಿಡಿ. ಅಷ್ಟೇ, ನೆನೆಸಬೇಡಿ. ಗಟ್ಟಿಯದ್ದಾದರೆ ಮೂರರಿಂದ ಐದು ನಿಮಿಷ ನೀರಲ್ಲಿಟ್ಟು ಬಸಿಯಿರಿ. ಒಂದು ಕಾಳನ್ನು ಬೆರಳಲ್ಲಿ ಒತ್ತಿ ನೋಡಿ. ಮುರಿಯಬೇಕು, ಆದರೆ ಅಂಟಬಾರದು. ಆ ಹದ ಬಂದ ಮೇಲೆ ಹತ್ತು ನಿಮಿಷ ಮುಟ್ಟಲೇಬೇಡಿ. ಒಳಗಿನ ಪಸೆ ತಾನಾಗಿಯೇ ಹರಡಿಕೊಳ್ಳುತ್ತದೆ. ಬಾಣಲೆಗೆ ಹಾಕಿದ ಮೇಲೆ ಸೌಟಿನ ಹಿಂಬದಿಯಿಂದ ಒತ್ತಬೇಡಿ, ಕೆಳಗಿನಿಂದ ಮೇಲಕ್ಕೆ ಎತ್ತಿ ತಿರುವಿ.

ದೂರದ ಕನ್ನಡತಿ · ರಾತ್ರಿ 3:15

ನಾನು ಜರ್ಮನಿಯಲ್ಲಿ ಓದುತ್ತಿದ್ದೇನೆ. ಸದ್ದಿಲ್ಲದ ಅಡುಗೆ ಅಂದ ಕೂಡಲೇ ಇದು ನನ್ನದೇ ಕಥೆ ಅನ್ನಿಸಿತು. ಇಲ್ಲಿ ಸಾಮಾನ್ಯವಾಗಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ನಿಶ್ಶಬ್ದದ ಹೊತ್ತು. ಹಾಸ್ಟೆಲಿನ ಅಡುಗೆಮನೆ ಎಂಟು ಜನಕ್ಕೆ ಒಂದೇ. ಪಕ್ಕದ ಗೋಡೆಯಾಚೆ ಯಾರೋ ಮಲಗಿರುತ್ತಾರೆ. ಅದರ ಮೇಲೆ ಹೊಗೆ ಗುರುತಿಸುವ ಅಲಾರಂ. ಬಂದ ಹೊಸದರಲ್ಲಿ ಒಂದು ರಾತ್ರಿ ಒಣಮೆಣಸಿನಕಾಯಿ ಒಗ್ಗರಣೆ ಕೊಟ್ಟೆ. ಅಲಾರಂ ಕೂಗಿ ಮಹಡಿಯವರೆಲ್ಲ ಚಳಿಯಲ್ಲಿ ಹೊರಗೆ ನಿಲ್ಲಬೇಕಾಯಿತು. ಅವತ್ತು ನನಗಾದ ಸಂಕಟ ಈಗಲೂ ಮರೆತಿಲ್ಲ.

ಅಮ್ಮ ಫೋನಿನಲ್ಲಿ ಒಂದು ದಾರಿ ಹೇಳಿಕೊಟ್ಟರು. ಭಾನುವಾರ ಹಗಲು ಕಿಟಕಿ ತೆರೆದಿಟ್ಟು ವಾರಕ್ಕಾಗುವಷ್ಟು ಒಗ್ಗರಣೆ ಮಾಡಿಬಿಡುತ್ತೇನೆ. ಸಾಸಿವೆ, ಉದ್ದಿನಬೇಳೆ, ಇಂಗು, ಒಣಮೆಣಸಿನಕಾಯಿ, ಕರಿಬೇವು. ಮೆಣಸಿನಕಾಯಿಯನ್ನು ಉರಿ ಆರಿಸಿದ ಮೇಲೆ ಹಾಕುತ್ತೇನೆ, ಎಣ್ಣೆಯ ಬಿಸಿಗೇ ಉಬ್ಬುತ್ತದೆ, ಘಾಟು ಏಳುವುದಿಲ್ಲ. ಆರಿದ ಮೇಲೆ ಗಾಜಿನ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ರಾತ್ರಿ ಲ್ಯಾಬಿನಿಂದ ಬಂದರೆ ಮೊಸರವಲಕ್ಕಿ. ಅವಲಕ್ಕಿ, ಮೊಸರು, ಉಪ್ಪು, ಶುಂಠಿ ತುರಿ, ಸೌತೆಕಾಯಿ ಚೂರು, ಮೇಲೆ ಒಂದು ಚಮಚ ಆ ಒಗ್ಗರಣೆ. ಅವಲಕ್ಕಿ ಮುಗಿದ ವಾರ ಓಟ್ಸ್. ಅದನ್ನು ಒಣ ಬಾಣಲೆಯಲ್ಲಿ ಘಮ್ಮೆನ್ನುವವರೆಗೆ ಹುರಿದು ಉಪ್ಪಿಟ್ಟಿನ ಹಾಗೆ ಮಾಡಿಕೊಂಡರೆ ಅಂಟುವುದಿಲ್ಲ.

ಬಾಟಲಿ ಮುಚ್ಚಳ ತೆಗೆದಾಗ ಇಂಗು, ಕರಿಬೇವಿನ ವಾಸನೆ ಬರುತ್ತದಲ್ಲ, ಒಂದು ಗಳಿಗೆ ತುಮಕೂರಿನ ನಮ್ಮ ಮನೆಯಲ್ಲೇ ನಿಂತ ಹಾಗಾಗುತ್ತದೆ.

ಆಸ್ಪತ್ರೆ ಅಡುಗೆಮನೆ · ಬೆಳಿಗ್ಗೆ 8:40

ಒಳ್ಳೆಯ ಉಪಾಯ. ಆ ಬಾಟಲಿಗೆ ಹಸಿ ಬೆಳ್ಳುಳ್ಳಿ ಮಾತ್ರ ಸೇರಿಸಬೇಡಿ ತಂಗಿ. ಎಣ್ಣೆಯಲ್ಲಿ ಮುಳುಗಿದ ಬೆಳ್ಳುಳ್ಳಿಗೆ ಗಾಳಿ ತಾಗುವುದಿಲ್ಲ. ಹೊರಗಿಟ್ಟರೆ ಬಾಟ್ಯುಲಿಸಂ ತರುವ ಕ್ರಿಮಿ ಅಲ್ಲಿ ಬೆಳೆಯಬಹುದು, ಅದು ಜೀವಕ್ಕೇ ಅಪಾಯ. ಬೆಳ್ಳುಳ್ಳಿ ಬೇಕಾದ ದಿನ ಆಗಲೇ ಜಜ್ಜಿ ಹಾಕಿಕೊಳ್ಳಿ. ಕರಿಬೇವನ್ನೂ ಪೂರ್ತಿ ಗರಿಗರಿಯಾಗುವವರೆಗೆ ಹುರಿದೇ ತುಂಬಿಸಿ.

ಎದೆಯುರಿಯ ವಿಷಯ ಯಾರೋ ಕೇಳಿದ್ದರು. ಖಾರ, ಎಣ್ಣೆ ಕಡಿಮೆ ಮಾಡಿ, ಸ್ವಲ್ಪವೇ ತಿನ್ನಿ. ತಿಂದ ತಕ್ಷಣ ಮಲಗಬೇಡಿ, ಆದಷ್ಟು ಹೊತ್ತು ಕೂತಿರಿ. ಪಿಸುಮಾತಿನ ಅರ್ಧ ಗಂಟೆಯನ್ನು ಒಂದು ಗಂಟೆ ಮಾಡಿದರೆ ಅವರ ಹೊಟ್ಟೆಗೂ ಒಳ್ಳೆಯದೇ. ಹಾಗೂ ಉರಿ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ, ತಡ ಮಾಡಬೇಡಿ.

ರಾಗಿ ಕಣಜ · ಬೆಳಿಗ್ಗೆ 11:20

ಎದೆಯುರಿ ಇರುವವರಿಗೆ, ರಾತ್ರಿ ಖಾರ ಬೇಡ ಅನ್ನಿಸಿದ ದಿನಕ್ಕೆ ನಮ್ಮ ಹುರಿಹಿಟ್ಟು ಇದೆ. ರಾಗಿಯನ್ನು ಅರಳು ಬರುವ ಹಾಗೆ ಹುರಿದು ಬೀಸಿದ ಹಿಟ್ಟು. ಹುರಿಯುವ ಮುಂಚೆ ರಾಗಿಗೆ ನೀರು ಚಿಮುಕಿಸಿ, ಬಟ್ಟೆ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಮರುದಿನ ನೆರಳಲ್ಲಿ ಸ್ವಲ್ಪ ಆರಿಸಿ, ಚೆನ್ನಾಗಿ ಕಾದ ಬಾಣಲೆಗೆ ಒಂದೊಂದೇ ಹಿಡಿ ಹಾಕಬೇಕು. ಜಾಸ್ತಿ ಹಾಕಿದರೆ ಅರಳುವುದಿಲ್ಲ, ಸೀಯುತ್ತದೆ. ಕಂದು ಕಾಳಿನೊಳಗಿಂದ ಸಾಸಿವೆಯಷ್ಟು ಬಿಳಿ ಮಲ್ಲಿಗೆ ಮೊಗ್ಗುಗಳು ಚಿಮ್ಮುವುದನ್ನು ನೋಡುವುದೇ ಒಂದು ಚೆಂದ.

ಹಿಟ್ಟು ಆಗಲೇ ಬೆಂದಿರುವುದರಿಂದ ರಾತ್ರಿ ಏನೂ ಬೇಯಿಸಬೇಕಿಲ್ಲ. ಮೂರು ಚಮಚ ಹಿಟ್ಟು, ಬೆಲ್ಲದ ಪುಡಿ, ಚೂರು ಏಲಕ್ಕಿ, ಬೆಚ್ಚಗಿನ ಹಾಲು ಸ್ವಲ್ಪ ಸ್ವಲ್ಪವೇ ಹಾಕಿ ಬೆರಳಲ್ಲೇ ಕಲಸಿ. ಒಂದು ಚಮಚ ತುಪ್ಪ. ಹೊಟ್ಟೆ ತುಂಬುತ್ತದೆ, ಭಾರ ಅನ್ನಿಸುವುದಿಲ್ಲ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಜಾಸ್ತಿ ಕ್ಯಾಲ್ಸಿಯಂ ಇದೆ. ಅಕ್ಕಿ, ಗೋಧಿ ಅದರ ಹತ್ತಿರಕ್ಕೂ ಬರುವುದಿಲ್ಲ. ಬೆಳಿಗ್ಗೆ ಮಗಳಿಗೂ ಇದನ್ನೇ ಕಲಸಿ ಕೊಡಬಹುದು.

ರಾಗಿ ಮುದ್ದೆ ಉಳಿದಿದ್ದರೆ ಅದನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು, ಈರುಳ್ಳಿ ಹಾಕಿ ಕುಡಿಯಬಹುದು. ಬೇಸಿಗೆಯಲ್ಲಿ ನಮಗೆ ಅದಕ್ಕಿಂತ ತಂಪು ಬೇರೆ ಇಲ್ಲ.

ಮಂಡಕ್ಕಿ ಮನೆ · ರಾತ್ರಿ 12:40

ಶನಿವಾರದ ವರದಿ. ಹೇಳಿದ ಮಾತಿನಂತೆ ಇವರೇ ಗೋಧಿ ದೋಸೆ ಹೊಯ್ದರು. ಮೊದಲನೆಯದು ಅಂಟಿತು. ಈರುಳ್ಳಿಯಿಂದ ಹಂಚು ಉಜ್ಜಿದ ಮೇಲೆ ಎರಡನೆಯದು ಜಾಲರಿಯ ಹಾಗೆ ಎದ್ದು ಬಂತು. ನಾನು ಸುಮ್ನೆ ಗೋಡೆಗೆ ಒರಗಿ ಕೂತು ತಿಂದೆ.

ಹುಬ್ಬಳ್ಳಿಯವರೇ, ಗೊಜ್ಜು ಮಾಡಿ ಫ್ರಿಜ್ಜಿನಲ್ಲಿಟ್ಟಿದ್ದೇನೆ, ಸೋಮವಾರಕ್ಕೆ ಗಿರ್ಮಿಟ್. ಅಜ್ಜಿ, ಕರಿಬೇವು ಒರೆಸಿ ತಟ್ಟೆ ಮುಚ್ಚಿದೆ, ಮಗಳು ಹೊರಳಲೂ ಇಲ್ಲ. ಎರೆಹೊಲದ ಅಣ್ಣ, ಇವರ ಕಾರ್ಖಾನೆಯಲ್ಲಿ ರೋಣದ ಕಡೆಯವರೊಬ್ಬರು ಇದ್ದಾರೆ. ಊರಿಂದ ಬರುವಾಗ ಕಟಕ ರೊಟ್ಟಿ ತರುತ್ತೇನೆ ಎಂದಿದ್ದಾರಂತೆ. ನಿಮ್ಮ ಕರೆಂಟು ಈ ವಾರ ಹಗಲಿಗೆ ಬಂತಾ?

ಎರೆಹೊಲ · ರಾತ್ರಿ 1:55

ಇನ್ನೂ ಇಲ್ಲ ತಂಗಿ, ಇವತ್ತೂ ಹೊಲದಲ್ಲೇ ಇದ್ದೇನೆ. ರೊಟ್ಟಿ ಬಂದರೆ ಡಬ್ಬಿಯಲ್ಲಿ ಮುಚ್ಚಿಡಬೇಡಿ, ಮೆತ್ತಗಾಗುತ್ತದೆ. ಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವ ಬುಟ್ಟಿಯಲ್ಲಿಡಿ.